ಹುಳುಮನೆಯ ಮರಬಾಳೆ

ಮದುವೆಯಾಗಿ ಮಧುವನಹಳ್ಳಿಗೆ ಬಂದ ಮೊದಲ ವರ್ಷ ನಾನು ಆ ಮನೆಯಿಂದ ಹೊರಗೆ ಕಾಲಿಡಲೇ ಇಲ್ಲ ಎಂದು ಬರೆಯಲು ಕೈ ಹೋಗುತ್ತದೆ. ಅದು ನಿಜವಲ್ಲ. ಹಳೆಯ ದಿನಚರಿ ತೆಗೆದರೆ ಒಮ್ಮೆ ಕೊಳ್ಳೇಗಾಲದ ಸಂತೆಗೆ, ಇನ್ನೊಮ್ಮೆ ಹನೂರಿನಲ್ಲಿ ಒಂದು ನಾಮಕರಣಕ್ಕೆ ಹೋಗಿಬಂದದ್ದು ನನ್ನದೇ ಅಕ್ಷರದಲ್ಲಿದೆ. ನೆನಪಿನಲ್ಲಿ ಮಾತ್ರ ಅವೆರಡೂ ಇಲ್ಲ. ನೆನಪು ಹೊರಗೆ ಹೋದ ದಿನಗಳನ್ನು ಬಿಟ್ಟು ಒಳಗೆ ಕುಳಿತ ದಿನಗಳನ್ನಷ್ಟೇ ಇಟ್ಟುಕೊಂಡಿದೆ. ಹಾಗೆಂದು ದಿನಚರಿಯನ್ನು ಪೂರ್ತಿ ನಂಬುತ್ತೇನೆಂದಲ್ಲ. ಅದನ್ನು ಬರೆದವಳೂ ನಾನೇ.

ನಾವು ರೇಷ್ಮೆಹುಳು ಸಾಕುವ ಮನೆಯವರು. ಆಗ ಕೊಳ್ಳೇಗಾಲದ ಸೀಮೆಯೆಲ್ಲ ಮದರಾಸಿಗೆ ಸೇರಿತ್ತು. ನನ್ನ ತವರು ಯಳಂದೂರು ಮೈಸೂರಿನದು. ನಡುವೆ ಇರುವುದು ಒಂದು ಬೆಳಗಿನ ದಾರಿ, ಆದರೂ ನಮ್ಮ ಮನೆಯವರು ಯಳಂದೂರನ್ನು 'ಆ ರಾಜ್ಯ' ಎಂದೇ ಕರೆಯುತ್ತಿದ್ದರು. ನನ್ನ ಗಂಡ ಹನೂರಿನ ಶಾಲೆಯಲ್ಲಿ ಮೇಷ್ಟ್ರು. ಅಲ್ಲೇ ಒಂದು ಕೋಣೆ ಮಾಡಿಕೊಂಡು ಶನಿವಾರಗಳಲ್ಲಿ ಬರುತ್ತಿದ್ದರು. ಮದುವೆಯಾದ ಮೇಲೆ ನಾನೂ ಹನೂರಿನಲ್ಲಿ ಸಂಸಾರ ಹೂಡುತ್ತೇನೆಂದು ಎಣಿಸಿದ್ದೆ. 'ಈ ಬೆಳೆ ಮುಗೀಲಿ' ಎಂದರು ಅತ್ತೆ. ರೇಷ್ಮೆಯ ಬೆಳೆ ರಾಗಿಯಂತಲ್ಲ, ವರ್ಷಕ್ಕೊಮ್ಮೆ ಬಂದು ಹೋಗುವುದಲ್ಲ. ಮೊಟ್ಟೆ ಒಡೆದು ಗೂಡು ಕಟ್ಟುವುದಕ್ಕೆ ತಿಂಗಳು ಹಿಡಿಯುತ್ತದೆ. ಗೂಡು ಮಾರಿ, ತಟ್ಟೆ ತೊಳೆದು, ಮನೆಗೆ ಸುಣ್ಣ ಬಳಿಯುವಷ್ಟರಲ್ಲಿ ಮುಂದಿನ ಮೊಟ್ಟೆ ಬಂದಿರುತ್ತದೆ. ಆ ಮನೆಯಲ್ಲಿ ಬೆಳೆ ಮುಗಿಯುತ್ತಲೇ ಇತ್ತು, ಹಾಗೆಯೇ ಶುರುವಾಗುತ್ತಲೇ ಇತ್ತು.

ಹುಳು ಇಟ್ಟಾಗ ನಡುಮನೆಯೇ ಹುಳುಮನೆ. ಬಿದಿರಿನ ತಟ್ಟೆಗಳು ಒಂದರ ಮೇಲೊಂದು ತೊಲೆಯವರೆಗೆ. ಮಳೆ ಹುಯ್ದಂತೆ ಸದ್ದು ಮಾಡುತ್ತ ಹುಳು ಸೊಪ್ಪು ತಿನ್ನುತ್ತದೆ. ಸೌದೆಯ ಹೊಗೆ ಆಗದು, ಒಗ್ಗರಣೆಯ ಘಾಟು ಆಗದು, ಸಾಂಬ್ರಾಣಿ ಆಗದು. ಹೆಂಗಸರು ಮುಡಿಗೆ ಮಲ್ಲಿಗೆ ಇಟ್ಟುಕೊಂಡು ಒಳಗೆ ಹೋಗುವಂತಿಲ್ಲ. ಹೊರಗಿನವರು ಒಳಗೆ ಬರುವಂತಿಲ್ಲ, ಅವರ ಕಣ್ಣು ಹುಳುವಿನ ಮೇಲೆ ಬೀಳಬಾರದು. ಎಲ್ಲಿಂದ ಕರೆ ಬಂದರೂ 'ಹುಳ ಇಟ್ಟೀವಿ' ಎಂದರೆ ಸಾಕು, ಯಾರೂ ಎರಡನೆಯ ಮಾತು ಆಡುತ್ತಿರಲಿಲ್ಲ. ಮುಟ್ಟಾದ ಹೆಂಗಸು ಹುಳುಮನೆಯ ಕಡೆ ಸುಳಿಯಬಾರದು. ನಮ್ಮ ಜನ ಲಿಂಗಪೂಜೆಗೆ ಆ ದಿನಗಳ ಮೈಲಿಗೆಯನ್ನು ಲೆಕ್ಕಕ್ಕೆ ಇಡುವುದಿಲ್ಲ. ನನ್ನ ತವರಿನಲ್ಲಿ ಅಂಥ ದಿನಗಳಲ್ಲೂ ನಾನು ಪೂಜೆ ಮಾಡಿದ್ದೇನೆ. ಇಲ್ಲಿಯೂ ಪೂಜೆಗೆ ಅಡ್ಡಿಯಿರಲಿಲ್ಲ, ಹುಳುವಿಗೆ ಇತ್ತು. ಶಿವನಿಗಿಲ್ಲದ ಮೈಲಿಗೆ ಹುಳುವಿಗೆ ಹೇಗೆ ಬಂತು ಎಂದು ಒಮ್ಮೆ ಕೇಳಿದ್ದಕ್ಕೆ ಅತ್ತೆ, ಶಿವ ಸಾಯದಿಲ್ಲ, ಹುಳ ಸಾಯ್ತದ ಎಂದಿದ್ದರು. ನಾನು ಅದನ್ನು ನಂಬಲಿಲ್ಲ, ದಾಟಲೂ ಇಲ್ಲ.

ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವಳು. ಮಾವನವರಿಗೆ ಅದೊಂದು ಹೆಮ್ಮೆ. ಗೂಡು ಕೊಳ್ಳಲು ಬಂದವರಿಗೆಲ್ಲ ಜಗುಲಿಯಿಂದಲೇ 'ನಮ್ಮ ಸೊಸೆ ಬಿ.ಎಸ್ಸಿ.' ಎನ್ನುತ್ತಿದ್ದರು. ಬಂದವರು ನನ್ನನ್ನು ನೋಡಲು ಕತ್ತು ಚಾಚಿದರೆ ಕಾಣುತ್ತಿದ್ದುದು ಸೊಪ್ಪು ಹೆಚ್ಚುವ ಕೈ. ಕಾಲೇಜಿನಲ್ಲಿ ನಮಗೆ ಪಾಠ ಹೇಳುತ್ತಿದ್ದ ಮೇಡಂ ಆರ್ಕಿಡ್ ಜಾತಿಯ ಗಿಡಗಳನ್ನು ಬಹಳ ಹಚ್ಚಿಕೊಂಡಿದ್ದವರು. ಮಣ್ಣಿಲ್ಲದೆ ಮರದ ಮೇಲೆ ಬದುಕುವ, ಮರವನ್ನು ಹೀರದ, ಗಾಳಿಯ ತೇವವನ್ನೇ ಬೇರಿನಿಂದ ಕುಡಿಯುವ ಗಿಡಗಳು. ಅವರು ಒಂದು ದಿನ ಒಣಗಿಸಿ ಹಾಳೆಗೆ ಅಂಟಿಸಿದ ಒಂದು ಗಿಡವನ್ನು ತೋರಿಸಿದರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಕಡೆ ಯಾರೋ ಹಿಂದೆ ಕಂಡಿದ್ದರು, ಆಮೇಲೆ ಕಂಡವರಿಲ್ಲ ಎಂದರು. ಎಲೆ ನೋಡಿದರೆ ಊರ ಹುಣಸೆಮರದ ಮೇಲೂ ಸಿಗುವ ಸಾಮಾನ್ಯ ಮರಬಾಳೆಯಂತೆಯೇ ಇರುತ್ತದೆ. ಎರಡರ ಹೂವಿಗೂ ಹಳದಿಯ ಮೇಲೆ ಕಂದು ಗೆರೆ. ವ್ಯತ್ಯಾಸ ಇರುವುದು ಹೂವಿನ ಕೆಳಗಿನ ಎಸಳಿನಲ್ಲಿ. ಅದನ್ನು ನಾವು ತುಟಿ ಎಂದು ಕರೆಯುತ್ತೇವೆ. ಊರ ಮರಬಾಳೆಯದು ನೀಲಿನೇರಳೆ, ಬೆಟ್ಟದ ಗಿಡದ್ದು ಬಿಳಿ, ಆಕಾರವೂ ಬೇರೆ. 'ನೀನು ಆ ಕಡೆಯವಳಲ್ಲವೆ, ಹೂವಿನ ಸಮೇತ ಸಿಕ್ಕರೆ ತಂದುಕೊಡು' ಎಂದಿದ್ದರು. ಅದು ನನಗೊಬ್ಬಳಿಗೇ ಹೇಳಿದ ಮಾತೋ, ತರಗತಿಗೆಲ್ಲ ಹೇಳಿದ್ದೋ, ಈಗ ಖಚಿತವಿಲ್ಲ. ನನಗೊಬ್ಬಳಿಗೇ ಹೇಳಿದ್ದೆಂದು ಬಹಳ ದಿನ ನಂಬಿದ್ದೆ. ಅದರ ಲ್ಯಾಟಿನ್ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಣ್ಣಾರೆ ಕಾಣದ ಗಿಡಕ್ಕೆ ಹೆಸರಿಡಬಾರದೆಂದು ಕಲಿಸಿದವರೂ ಅವರೇ.

ಯಳಂದೂರಿನ ನನ್ನ ಅಣ್ಣ ಬೆಟ್ಟದಿಂದ ಮರ ಇಳಿಸುವ ಗುತ್ತಿಗೆದಾರರ ಬಳಿ ಬರವಣಿಗೆಯ ಕೆಲಸಕ್ಕಿದ್ದ. ಕಡಿದ ಕೊಂಬೆಗಳ ಮೇಲೆ ಇಂಥ ಗಿಡಗಳು ಬೇಕಾದಷ್ಟು ಬಾಡಿ ಹೋಗುತ್ತವೆ ಎಂದು ಅವನು ಹೇಳಿದ್ದು ಕೇಳಿ, ಬಾಡುವುದನ್ನು ಇಲ್ಲಿಗೆ ತಾ ಎಂದು ಹೇಳಿಕಳಿಸಿದೆ. ಬೇಸಿಗೆಗೆ ಮುಂಚೆ ಒಂದು ಗೋಣಿಚೀಲ ತುಂಬ ತಂದು ಜಗುಲಿಯ ಮೇಲೆ ಸುರಿದ. ಅತ್ತೆ ಸೆರಗನ್ನು ಮೂಗಿಗೆ ಹಿಡಿದುಕೊಂಡು ದೂರ ನಿಂತು ನೋಡಿದರು.

"ಬಂದಳಿಕೆ ತಂದು ಮನೆ ಮುಂದಕ್ಕ ಸುರೀತಾವ್ನಲ್ಲ ನಿಮ್ಮಣ್ಣ. ನುಗ್ಗೆಮರ ಒಣ್ಗೋದ್ರ ಯಾರವ್ವ ಏಳೋರು?"

ಇದು ಬಂದಳಿಕೆಯಲ್ಲ, ಮರದ ರಸ ಕುಡಿಯುವುದಿಲ್ಲ, ಸುಮ್ಮನೆ ಕುಳಿತಿರುತ್ತದೆ ಎಂದು ವಿವರಿಸಿದೆ. ಏನೂ ಮಾಡದೆ ಸುಮ್ಮನೆ ಕುಳಿತಿರುವ ಮತ್ತೊಬ್ಬರು ಮನೆಗೆ ಬಂದಂತಾಯಿತು ಎಂದು ಅತ್ತೆ ನಕ್ಕರು. ಅಣ್ಣನೂ ನಕ್ಕ. ನಾನು ನಕ್ಕೆನೋ ಇಲ್ಲವೋ ಗೊತ್ತಿಲ್ಲ.

ಕಾಡಿನ ಆರ್ಕಿಡ್ಡನ್ನು ಮನೆಯ ಹಿತ್ತಿಲಲ್ಲಿ ಬೆಳೆಸಬಹುದೆ ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಆ ಬೇಸಿಗೆಯಲ್ಲಿ ನಾನು ಕಂಡದ್ದನ್ನು ಹೇಳಿ ಸುಮ್ಮನಾಗುತ್ತೇನೆ. ನುಗ್ಗೆಮರಕ್ಕೆ ಬಾಳೆನಾರಿನಿಂದ ಕಟ್ಟಿದವು ಮೊದಲು ಒಣಗಿದವು. ನಮ್ಮೂರ ಗಾಳಿಗೆ ಬೆಟ್ಟದ ಮಂಜಿನ ಅಭ್ಯಾಸವಿಲ್ಲ. ಕೊಡಗಟ್ಟಲೆ ನೀರು ಸುರಿದೆ. ಬೇರಿಗೆ ಬೇಕಿದ್ದುದು ನೀರಲ್ಲ, ತೇವದ ಗಾಳಿ. ಮಾವನವರು ನನಗೆ ಗೊತ್ತಾಗದಂತೆ ಎರಡು ಗಿಡ ತೆಗೆದು ಕುಂಡದಲ್ಲಿ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ಹಾಕಿ ನೆಟ್ಟಿದ್ದರು. ಸೊಸೆಗೆ ಅಚ್ಚರಿ ಮಾಡೋಣವೆಂದು. ಅವು ಕೊಳೆತು ನಾತ ಹೊಡೆದವು. ಬಾವಿಯ ಒಳಗೋಡೆಯ ಸಂದಿನಲ್ಲಿ ಸಿಕ್ಕಿಸಿದ್ದೊಂದು ಚೆನ್ನಾಗಿಯೇ ಇತ್ತು, ಅದರ ಬೇರಿನ ತುದಿಯಲ್ಲಿ ಹಸಿರು ಕಾಣಿಸಿತ್ತು. ನೀರು ಸೇದುವಾಗ ಕೊಡ ತಗುಲಿ ಅದು ನೀರಿಗೆ ಬಿತ್ತು. ನನ್ನ ಗಂಡ ಒಂದು ಶನಿವಾರ ಬಂದವರು, ಹನೂರಿನ ಬಿಸಿಲಿಗೆ ಮೇಷ್ಟ್ರುಗಳೇ ಒಣಗುತ್ತಾರೆ, ಇನ್ನು ನಿನ್ನ ಗಿಡ ಯಾವ ಲೆಕ್ಕ ಎಂದರು. ಕೊನೆಗೆ ಉಳಿದದ್ದು ಒಂದೇ ಗಿಡ. ದಪ್ಪ ಎಲೆಯ, ಹುರಿಗಟ್ಟಿದ ಬೇರಿನ ಮರಬಾಳೆ. ಅದನ್ನು ಬೆಟ್ಟದ ತುದಿಯಲ್ಲಿ ಕಡಿದ ಮರದಿಂದ ತಂದದ್ದೆಂದು ಅಣ್ಣ ಹೇಳಿದ್ದ. ಬೆಟ್ಟದ ತುದಿ ಎಂಬ ಮಾತಿಗೆ ನಾನು ಜೋತುಬಿದ್ದೆ. ಇದು ಮೇಡಂ ತೋರಿಸಿದ ಗಿಡವೇ ಎಂದು ಮನಸ್ಸಿನಲ್ಲಿ ತೀರ್ಮಾನಿಸಿಕೊಂಡೆ. ಹೂ ಬಿಡುವವರೆಗೆ ತೀರ್ಮಾನಿಸಬಾರದು ಎಂಬುದು ಗೊತ್ತಿದ್ದೂ.

ಆ ಮನೆಯಲ್ಲಿ ತಂಪು, ತೇವ ಎರಡೂ ಇದ್ದ ಜಾಗ ಒಂದೇ. ಹುಳು ಸಣ್ಣದಾಗಿದ್ದಾಗ ಅದಕ್ಕೆ ಒಣಗಾಳಿ ಸಲ್ಲದು. ಕಿಟಕಿಗಳಿಗೆ ಗೋಣಿತಾಟು ಇಳಿಬಿಟ್ಟು ನಾವು ಅದನ್ನು ದಿನವೆಲ್ಲ ತೋಯಿಸುತ್ತಿದ್ದೆವು. ಹಿತ್ತಿಲ ಕಡೆಯ ಕಿಟಕಿಯ ಒಳಗೆ, ತೊಲೆಗೆ ಹಗ್ಗ ಕಟ್ಟಿ, ಆ ಗಿಡವನ್ನು ಅದರ ಕೊಂಬೆಯ ತುಂಡಿನ ಸಮೇತ ತೂಗುಹಾಕಲು ಅತ್ತೆಯನ್ನು ಕೇಳಿದೆ. ಕೇಳುವ ಮೊದಲೇ ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. ಹುಳಕ್ಕೆ ಏನೂ ಆಗದಿದ್ದರೆ ಇರಲಿ, ಒಂದು ತಟ್ಟೆಯ ಹುಳ ಸೊರಗಿದರೂ ಅದು ಬಾವಿಗೆ ಎಂದರು. ಹೀಗೆ ಅದು ಹುಳುಮನೆ ಸೇರಿತು. ಎರಡು ಬೆಳೆಯ ಕಾಲ ಅಲ್ಲೇ ತೂಗಿತು. ಸೊಪ್ಪು ಹಾಕಲು ಒಳಗೆ ಹೋದಾಗಲೆಲ್ಲ ನಾನು ಮೊದಲು ತಟ್ಟೆ ನೋಡುತ್ತಿದ್ದೆನೋ, ತೊಲೆ ನೋಡುತ್ತಿದ್ದೆನೋ ಎಂದು ಯಾರಾದರೂ ಕೇಳಿದ್ದರೆ ಸುಳ್ಳು ಹೇಳಬೇಕಾಗುತ್ತಿತ್ತು. ಇದನ್ನು ಓದಿದವರು ಆ ಗಿಡವೇ ನಾನು ಎಂದು ಅಂದುಕೊಳ್ಳಬಹುದು. ನನಗೆ ಹಾಗೆ ಎಂದೂ ಅನ್ನಿಸಲಿಲ್ಲ. ಅದಕ್ಕೆ ಯಾರ ಮಾತಿಗೂ ಉತ್ತರ ಕೊಡುವ ಕೆಲಸವಿರಲಿಲ್ಲ. ನನಗೆ ಅದರ ಮೇಲೆ ಹೊಟ್ಟೆಕಿಚ್ಚಿತ್ತು.

ಮೂರನೆಯ ಬೆಳೆಯಲ್ಲಿ ಎಲೆಯ ಬುಡದಿಂದ ಒಂದು ಹಸಿರು ಕಡ್ಡಿ ಮೂಡಿತು. ಮೊದಲು ಬೇರು ಎಂದುಕೊಂಡೆ. ಬೇರಾಗಿದ್ದರೆ ಕೆಳಗೆ ಇಳಿಯಬೇಕು, ಇದು ಮೇಲಕ್ಕೆ ಎದ್ದಿತ್ತು. ಅದರ ಮೇಲೆ ಮೊಗ್ಗಿನ ಗುರುತುಗಳು ಕಂಡ ದಿನ ನಾನು ಜಗುಲಿಗೆ ಹೋಗಿ ಮಾವನವರಿಗೆ ಎಲ್ಲವನ್ನೂ ಹೇಳಿದೆ. ಮೇಡಂ ಹೇಳಿದ್ದು, ಒಣಗಿದ ಹಾಳೆ, ಬಿಳಿಯ ತುಟಿ. ಅವರೆದುರು ಅಷ್ಟು ಉದ್ದಕ್ಕೆ ಮಾತಾಡಿದ್ದು ಅದೇ ಮೊದಲು. ಅವರು ಎಲೆ ಅಡಿಕೆ ಮಡಿಸುತ್ತ ಕೇಳಿಸಿಕೊಂಡರು.

"ಅಪರೂಪದ್ದೇ ಆದ್ರ ಮುಚ್ಚಿಟ್ಕೊಂಡು ಏನ್ಮಾಡದು? ನಿಮ್ಮಣ್ಣುಂಗ ಏಳಿಕಳಸ್ತೀನಿ. ಅವನ ಜೊತೇಲಿ ಮೈಸೂರ್ಗ ತಕಂಡೋಗಿ ನಿಮ್ಮ ಮೇಡಮ್ನೋರ್ಗ ಕೊಟ್ಟು, ನಾಕು ದಿನ ಇದ್ದು ಬಾ. ಬೆಳೆ ಇದ್ರೂ ಸೈ."

ಒಳಗಿನಿಂದ ಅತ್ತೆ ಕೇಳಿದರು: "ಅಪರೂಪದ್ದು ಅಲ್ದೆ ಓದ್ರ?"

"ಅಲ್ದೆ ಓದ್ರ ಅದ್ನ ತಕಂಡೋಗಿ ಯಾರ್ಗ ತೋರ್ಸೀಯೆ? ಹುಣಸೆಮರದಲ್ಲಿ ಇರದ್ನ," ಎಂದರು ಮಾವ.

ಅಂದಿನಿಂದ ಆ ಮೊಗ್ಗಿಗೆ ಒಂದೇ ಅರ್ಥ. ಬಿಳಿ ಆದರೆ ಮೈಸೂರು. ಕಾಲೇಜಿನ ಮೆಟ್ಟಿಲು, ಗಾಜಿನ ಬೀರುಗಳ ಸಾಲು, ಮೇಡಂ ಕನ್ನಡಕ ಏರಿಸಿಕೊಂಡು ಹೂವಿನ ಮೇಲೆ ಬಾಗುವುದು, ಎಲ್ಲವನ್ನೂ ಸೊಪ್ಪು ಹೆಚ್ಚುತ್ತ ಹೆಚ್ಚುತ್ತ ಕಂಡೆ. ಎಷ್ಟು ಸಲ ಕಂಡೆನೆಂದರೆ ಈಗ ಅದು ನಡೆದ ಸಂಗತಿಯಂತೆಯೇ ನೆನಪಾಗುತ್ತದೆ. ನಡೆಯಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತದೆ.

ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳುವಿನದು ಭೂತದ ಹಸಿವು. ಆಗ ತೇವ ಇದ್ದರೆ ಹುಳು ಸುಣ್ಣದಂತೆ ಬಿಳಿಚಿಕೊಂಡು ಸಾಯುತ್ತದೆ. ಗೋಣಿತಾಟು ತೆಗೆದು ಗಾಳಿ ಬಿಡುತ್ತಾರೆ. ಗಿಡದ ಬೇರನ್ನು ನಾನು ಒದ್ದೆಬಟ್ಟೆಯಲ್ಲಿ ಒರೆಸಿ ಕಾಪಾಡಿದೆ. ಅದೇ ವಾರ ಮೊಗ್ಗು ದಪ್ಪವಾಗಿ, ಒಡೆಯುವ ಮುಂಚೆಯೇ ಒಂದು ಬಗೆಯ ಸಿಹಿ ವಾಸನೆ ಬರತೊಡಗಿತು. ಮೊದಲು ಅದು ತಿಳಿದದ್ದು ನನಗಲ್ಲ, ಅತ್ತೆಗೆ. ಒಳಗೆ ಬಂದವರು ನಿಂತಲ್ಲೇ ನಿಂತು ನನ್ನ ಮುಡಿಯ ಕಡೆ ನೋಡಿದರು. ನಾನು ಹೂ ಮುಡಿದಿರಲಿಲ್ಲ. ತಲೆಯೆತ್ತಿ ತೊಲೆಯ ಕಡೆ ನೋಡಿದರು.

ಮುಗಿಯಿತು ಎಂದುಕೊಂಡೆ. ಹೊರಗೆ ತೆಗೆದುಹಾಕಿದರೆ ಆ ಬಿಸಿಲಿಗೆ ಮೊಗ್ಗು ಉದುರುವುದು ಖಂಡಿತ. ಅತ್ತೆ ಹೋಗಿ ಮಾವನವರ ಹಳೆಯ ಪಂಚೆಯೊಂದನ್ನು ಹರಿದು, ಎರಡು ಪದರ ಮಡಿಸಿ, ಚೀಲದಂತೆ ಹೊಲಿದು ತಂದರು. ಮಣೆ ಹತ್ತಿ ಹೂಗೊಂಚಲಿಗೆ ಅದನ್ನು ತೊಡಿಸಿ ಬಾಯಿಗೆ ದಾರ ಸುತ್ತಿದರು. ವಾಸನೆ ಒಳಗೇ ಇರಲಿ, ಹುಳ ಹಣ್ಣಾಗಿ ಗೂಡಿಗೆ ಬಿದ್ದ ಮೇಲೆ ಬಿಚ್ಚಿ ನೋಡಿಕೋ ಎಂದರು. ಹೂವಿನ ಮುಖಕ್ಕೆ ಮುಸುಕು ಹಾಕಿದ್ದು ನನಗೆ ಸಿಟ್ಟು ಬರಿಸಿತು. ಅದೊಂದು ಕೃಪೆ ಎಂದು ತಿಳಿಯಲು ಬಹಳ ದಿನ ಹಿಡಿಯಿತು. ನಲವತ್ತರ ಹತ್ತಿರದ ಹೆಂಗಸು, ಹುಳು ಸಾಕಿದಾಗಿನಿಂದ ತಾವೇ ಒಂದು ಹೂ ಮುಡಿಯದವರು, ನನ್ನ ಹೂವನ್ನು ಕಿತ್ತೆಸೆಯಲಿಲ್ಲ.

ಹೂ ಬಿಚ್ಚುವ ಹೊತ್ತಿಗೆ ಸರಿಯಾಗಿ ನಾನು ಹೊರಗಾದೆ. ಕೊಟ್ಟಿಗೆಯ ಪಕ್ಕದ ಚಾವಡಿಯಲ್ಲಿ ಚಾಪೆ. ಬೇರೆ ಬೆಳೆಗಳಲ್ಲಿ ಆ ದಿನಗಳು ಕಳೆದು ಮಿಂದರೆ ಒಳಗೆ ಬಿಡುತ್ತಿದ್ದರು. ಹುಳು ಹಣ್ಣಾಗುವ ಸಮಯ ಆದ್ದರಿಂದ, ಗೂಡು ಬಿಡಿಸುವವರೆಗೆ ಒಳಗೆ ಬರುವುದು ಬೇಡ ಎಂದರು ಅತ್ತೆ. ಕಿಟಕಿಯ ಹತ್ತಿರವೂ ಹೋಗುವಂತಿಲ್ಲ. ಗೋಡೆಯ ಆಚೆ ನನ್ನ ಹೂ, ಈಚೆ ನಾನು, ನಡುವೆ ಪಂಚೆಯ ಎರಡು ಪದರ. ಚಾವಡಿಯಿಂದ ಹನೂರಿನ ರಸ್ತೆ ಕಾಣುತ್ತಿತ್ತು. ಆ ದಿನಗಳಲ್ಲಿ ಹೋದ ಬಸ್ಸುಗಳೆಲ್ಲ ಕೊಳ್ಳೇಗಾಲಕ್ಕೇ ಹೋದವು ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಹನೂರಿಗೂ ಹೋಗಿರಲೇಬೇಕು.

ಅತ್ತೆ ಊಟ ತಂದು ದೂರದಲ್ಲಿಟ್ಟಾಗ ಕೇಳಿದೆ.

"ಅತ್ತೆ, ಹೂ ಬಿಚ್ಚಿತಾ?"

"ಬಟ್ಟೆ ಒಳಗ ಇರದ್ನ ನಾ ಎಂಗವ್ವ ಕಾಣ್ಲಿ?"

"ದಾರ ಒಸಿ ಸಡಿಲ ಮಾಡಿ ನೋಡಿ. ತುಟಿ ಯಾವ ಬಣ್ಣ ಅಂತ ಹೇಳಿದ್ರೆ ಸಾಕು."

"ಹೂವ್ಗೂ ತುಟಿಯಾ? ಮೀಸೆ ಅದಾ ಅಂತ್ಲೂ ನೋಡ್ಕಂಡ್ ಬರನಾ?"

ಎಲ್ಲಕ್ಕಿಂತ ಕೆಳಗೆ, ಮುಂದಕ್ಕೆ ಚಾಚಿಕೊಂಡಿರುವ ಎಸಳು ಎಂದು ಕೈಯಲ್ಲಿ ಮಾಡಿ ತೋರಿಸಿದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ನಗು ಹೋಗಿತ್ತು.

"ಯಾವ ಬಣ್ಣ ಇದ್ರ ಮೈಸೂರು?"

"ಬಿಳಿ."

"ಬ್ಯಾರೆ ಆದ್ರ?"

"ನೀಲಿ ಆದರೆ ಊರ ಮರಬಾಳೆ."

ಅವರು ಒಳಗೆ ಹೋದರು. ಬಹಳ ಹೊತ್ತಾಯಿತು ಎಂದು ನೆನಪು. ಕಾಯುವವರಿಗೆ ಎಲ್ಲವೂ ಬಹಳ ಹೊತ್ತೇ. ತಿರುಗಿ ಬಂದು ಕೊಟ್ಟಿಗೆಯ ಕಂಬದ ಹತ್ತಿರ ನಿಂತು, ನನ್ನನ್ನು ನೋಡದೆ ಹಸುವಿನ ಮುಂದೆ ಹುಲ್ಲು ಸರಿಪಡಿಸುತ್ತ ಹೇಳಿದರು:

"ಬಿಳಿ ಕಣವ್ವ. ಮಲ್ಲಿಗ ಇದ್ದಂಗದ."

ಆ ಮಾತು ನನ್ನ ಕಿವಿಯಲ್ಲಿ ಹಾಗೆಯೇ ಇದೆ. ಇದನ್ನು ಮಾತ್ರ ಯಾವ ದಿನಚರಿಯೂ ನನ್ನಿಂದ ತಿದ್ದಿಸಲಾರದು. ಊಟ ಮುಟ್ಟದೆ ಕುಳಿತಿದ್ದೆ. ಮೈಸೂರಿಗೆ ಉಡಬೇಕಾದ ಸೀರೆಯನ್ನು ಮನಸ್ಸಿನಲ್ಲೇ ಪೆಟ್ಟಿಗೆಯಿಂದ ತೆಗೆದೆ. ಸಂಜೆ ಮಾವನವರು ಚಾವಡಿಯ ಮುಂದೆ ನಿಂತು, ಯಳಂದೂರಿಗೆ ಹೇಳಿಕಳಿಸಿದ್ದೇನೆ, ಗೂಡು ಬಿಡಿಸಿದ ಮಾರನೆಯ ದಿನ ನಿಮ್ಮಣ್ಣ ಬರುತ್ತಾನೆ ಎಂದರು. ಇನ್ನೊಂದು ಸಂಗತಿಯನ್ನೂ ಹೇಳಿದರು. ಮುಂದಿನ ಮೊಟ್ಟೆಯನ್ನು ಒಂದು ವಾರ ತಡೆದು ತಂದರಾಯಿತು ಎಂದು ಅತ್ತೆ ಹೇಳಿದ್ದಾರಂತೆ, ಸೊಸೆ ಹೋಗಿಬರಲಿ ಎಂದು. ಹಬ್ಬಕ್ಕೆ ತಡೆಯದ, ಮಗನ ಮದುವೆಗೂ ತಡೆಯದ ಮೊಟ್ಟೆ. ಮಾವನವರಿಗೇ ಅದರಲ್ಲಿ ನಂಬಿಕೆ ಬಂದಂತಿರಲಿಲ್ಲ.

ಹುಳು ಹಣ್ಣಾಗುವುದು ಎಂದರೆ ಮೈ ಪಾರದರ್ಶಕವಾಗಿ ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಆಡಿಸುವುದು. ಎಲ್ಲ ಒಟ್ಟಿಗೆ ಹಣ್ಣಾದರೆ ಮನೆಯವರ ಕೈ ಸಾಲದು. ನೆರೆಯ ಹೆಂಗಸರು ಬಂದು ಹುಳು ಆರಿಸಿ, ಸುರುಳಿ ಸುತ್ತಿದ ಬಿದಿರಿನ ಚಂದ್ರಿಕೆಗಳ ಮೇಲೆ ಬಿಡುತ್ತಾರೆ. ಆ ದಿನ ಮಾತ್ರ ಹೊರಗಿನವರ ಕಣ್ಣಿಗೆ ದೋಷವಿಲ್ಲ. ಮಾರನೆಯ ಮಧ್ಯಾಹ್ನ ಅವರೆಲ್ಲ ಒಳಗೆ ಸೇರಿದಾಗ ಚಾವಡಿಗೂ ಅವರ ಮಾತು ಕೇಳಿಸಿತು. ಯಾರೋ ಏನಿದು ಗಮಗಮ ಎಂದರು. ಇನ್ನೊಬ್ಬರು, ಬಿ.ಎಸ್ಸಿ. ಸೊಸೆಯ ಹೂ ಇರಬೇಕು, ಈ ಬೆಳೆ ಕೆಟ್ಟರೆ ಯಾರ ಹೆಸರು ಬರುತ್ತದೋ ನೋಡೋಣ ಎಂದು ನಕ್ಕರು. ಅತ್ತೆ ಏನೋ ಉತ್ತರ ಕೊಟ್ಟರು, ಕೇಳಿಸಲಿಲ್ಲ. ಬೆಳೆ ಕೆಡಲಿಲ್ಲ. ಹಳದಿ ಗೂಡು ಚಂದ್ರಿಕೆಯ ತುಂಬ ಒತ್ತಿಕೊಂಡಿತು.

ಗೂಡು ಬಿಡಿಸುವ ದಿನ ತಲೆಗೆರೆದುಕೊಂಡು ಒಳಗೆ ಹೋದೆ. ತೊಲೆಯಲ್ಲಿ ಗಿಡ ಇತ್ತು, ಹೂವಿನ ಕಡ್ಡಿ ಇರಲಿಲ್ಲ. ಬುಡದಲ್ಲಿ ಕುಡುಗೋಲಿನ ಗುರುತು. ನೆರೆಯವರು ಮಾತಾಡಿಕೊಂಡ ದಿನವೇ ಅತ್ತೆ ಅದನ್ನು ಕೊಯ್ದಿದ್ದರು. ಕೆಟ್ಟ ಹೆಸರು ನಿನಗೆ ಬೇಡವೆಂದು ಕೊಯ್ದೆ, ಬೀದಿಗೆ ಎಸೆಯಲಿಲ್ಲ, ದೇವರ ಗೂಡಿನಲ್ಲಿದೆ ಎಂದರು. ದೇವರ ಗೂಡಿನಲ್ಲಿ ದೀಪದ ಪಕ್ಕ, ವಿಭೂತಿ ಮೆತ್ತಿಕೊಂಡು, ಅದು ಮುದುಡಿ ಕಂದಾಗಿತ್ತು. ಎಸಳು ಯಾವುದು, ತುಟಿ ಯಾವುದು ತಿಳಿಯದಷ್ಟು. ನಾನು ಅಳಲಿಲ್ಲ. ಒಣಗಿದ ಹೂವು ನನಗೆ ಹೊಸದಲ್ಲ. ಮೇಡಂ ತೋರಿಸಿದ್ದೂ ಒಣಗಿದ್ದೇ. ಮೈಸೂರಿಗೆ ಇದನ್ನೇ ಒಯ್ದರಾಯಿತು ಎಂದುಕೊಂಡೆ. ಒಯ್ಯುವ ಮುಂಚೆ ಒಮ್ಮೆ ನೋಡೋಣ ಎಂದು ಅನ್ನಿಸದಿದ್ದರೆ ಒಯ್ದೇಬಿಡುತ್ತಿದ್ದೆ.

ಒಣಗಿದ ಹೂವನ್ನು ಬಿಸಿನೀರಿಗೆ ಹಾಕಿದರೆ ಅದು ಮೆತ್ತಗಾಗಿ ಬಿಚ್ಚಿಕೊಳ್ಳುತ್ತದೆ. ಕಾಲೇಜಿನಲ್ಲಿ ಕಲಿತ ಕೆಲಸ. ಅಡುಗೆಮನೆಯ ಮೂಲೆಯಲ್ಲಿ ಕಂಚಿನ ಬಟ್ಟಲಿಗೆ ಬಿಸಿನೀರು ಹಾಕಿ ಒಂದು ಹೂವನ್ನು ಬಿಟ್ಟೆ. ಸ್ವಲ್ಪ ಹೊತ್ತಿಗೆ ಎಸಳುಗಳು ಒಂದೊಂದೇ ಬೇರೆಯಾದವು. ಸೂಜಿಯಿಂದ ತುಟಿಯನ್ನು ತಿರುಗಿಸಿದೆ. ಅದರ ಆಕಾರ ಬೆಟ್ಟದ ಗಿಡದ್ದಾಗಿರಲಿಲ್ಲ. ಮಡಿಕೆಯ ಒಳಗೆ, ಬಿಸಿಲು ದೀಪ ಯಾವುದೂ ತಾಗದ ಕಡೆ, ನೇರಳೆ ಬಣ್ಣ ಹಾಗೇ ಉಳಿದಿತ್ತು. ಇನ್ನೊಂದು ಹೂ ಹಾಕಿದೆ. ಅದರಲ್ಲೂ ಅದೇ. ಅಷ್ಟು ಹೊತ್ತಿಗೆ ಬೇರೆ ಗಿಡಗಳೆಲ್ಲ ಸತ್ತು ಇದೊಂದು ಏಕೆ ಉಳಿಯಿತು ಎಂಬುದೂ ಹೊಳೆಯಿತು. ಇದು ಈ ಬಯಲಿನದೇ ಗಿಡ. ಹುಣಸೆಮರಕ್ಕೆ ಕಟ್ಟಿದ್ದರೂ ಬದುಕುತ್ತಿತ್ತು. ಅದಕ್ಕೆ ಹುಳುಮನೆಯ ತೇವವೂ ಬೇಕಿರಲಿಲ್ಲ, ನಾನೂ ಬೇಕಿರಲಿಲ್ಲ.

ಬಟ್ಟಲನ್ನು ಹಿಡಿದುಕೊಂಡು ಅತ್ತೆಯ ಬಳಿ ಹೋದೆ. ಅವರು ಗೂಡು ಬಿಡಿಸುತ್ತ ಕುಳಿತಿದ್ದರು. ಬಟ್ಟಲಿನೊಳಗೆ ಬಗ್ಗಿ ನೋಡಿದರು. ಇದು ನೀಲಿ ಎಂದೆ. ಅವರು ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ನಾ ಕಂಡಿದ್ದು ಬಿಳಿ ಕಣವ್ವ. ನೀ ಬಟ್ಟೆ ಮಡಿಸ್ಕೊ," ಎಂದರು. ಕೈ ನಿಲ್ಲಿಸಲಿಲ್ಲ.

ಮಾರನೆಯ ಬೆಳಿಗ್ಗೆ ಅಣ್ಣ ಬಂದ. ಜಗುಲಿಯ ಮೇಲೆ ಕುಳಿತು ಮಾವನವರ ಜೊತೆ ಮಾತಾಡುತ್ತಿದ್ದ. ನನ್ನ ಪೆಟ್ಟಿಗೆ ಬಾಗಿಲ ಬಳಿ ಇತ್ತು. ಹೋಗಬಹುದಿತ್ತು. ಆ ಊರಿನಲ್ಲಿ ಹೂವಿನ ತುಟಿಯ ಆಕಾರ ಪರೀಕ್ಷಿಸುವವರು ಯಾರೂ ಇರಲಿಲ್ಲ. ಮೈಸೂರಿನಲ್ಲಿ ಮೇಡಂ ಅವರನ್ನು ನೋಡದೆಯೂ ನಾಲ್ಕು ದಿನ ಇದ್ದು ಬರಬಹುದಿತ್ತು. ಅಥವಾ ಹೂ ಸಾಮಾನ್ಯದ್ದು, ಆದರೂ ಹೋಗಿಬರುತ್ತೇನೆ ಎಂದು ಮಾವನವರನ್ನು ಕೇಳಬಹುದಿತ್ತು. ಅವರು ಇಲ್ಲ ಎನ್ನುತ್ತಿದ್ದರೆಂದು ಈಗ ನನಗೆ ಅನ್ನಿಸುವುದಿಲ್ಲ. ನಾನು ಕೇಳಲಿಲ್ಲ. ಇಲ್ಲದ್ದನ್ನು ಇದೆ ಎಂದು ಹೇಳಿ ಹೋಗಲಾರೆ ಎಂದು ಅಂದು ರಾತ್ರಿ ಬರೆದಿದ್ದೇನೆ. ಅದು ಕಲಿತ ವಿದ್ಯೆಯ ಮೇಲಿನ ನಿಷ್ಠೆಯೋ, ಮೇಡಂ ಎದುರು ಬರಿಗೈಯಲ್ಲಿ, ಹಿಪ್ಪುನೇರಳೆ ಸೊಪ್ಪಿನ ಕಲೆಯ ಬೆರಳುಗಳಲ್ಲಿ ನಿಲ್ಲಲು ಆದ ಅಂಜಿಕೆಯೋ, ಬರೆಯುವಾಗಲೂ ನನಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. ವಾಕ್ಯ ಬಹಳ ನೆಟ್ಟಗಿದೆ. ನೆಟ್ಟಗಿರುವ ವಾಕ್ಯಗಳ ಮೇಲೆ ನನಗೆ ಗುಮಾನಿ.

ಜಗುಲಿಗೆ ಹೋಗಿ, ಅದು ಅಪರೂಪದ್ದಲ್ಲ, ನಾನು ಹೋಗುವುದಿಲ್ಲ ಎಂದೆ. ಮಾವನವರು ಅತ್ತೆಯನ್ನು ನೋಡಿದರು. ಬಿಳಿ ಅಂದಿದ್ದೆಯಲ್ಲ ಎಂದು ಅವರು ಕೇಳಲಿಲ್ಲ, ಆದರೆ ಕೇಳಿದಂತೆಯೇ ಆಯಿತು. ಅಣ್ಣ ದಾರಿಯ ದಣಿವಿಗೆ ಬೆಲ್ಲ ನೀರು ಕುಡಿದು, ಹಾಗಾದರೆ ಮುಂದಿನ ಸಲ ಎಂದು ಎದ್ದ. ಬೆಟ್ಟದ ತುದಿ ಎಂದೇಕೆ ಹೇಳಿದೆ ಎಂದು ಅವನನ್ನು ಕೇಳಬೇಕೆಂದಿದ್ದೆ. ಅವನ ಮುಖ ನೋಡಿದ ಮೇಲೆ ಕೇಳುವುದನ್ನು ಬಿಟ್ಟೆ.

ಅವನು ರಸ್ತೆಯ ಕಡೆ ಹೋದ ಮೇಲೆ ಅತ್ತೆ ಹಿತ್ತಿಲಿಗೆ ನಡೆದರು. ಖಾಲಿ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಹಾಕಿದ್ದೆವು. ಮುಂದಿನ ಬೆಳೆಗೆ ಅವುಗಳಿಗೆ ಸಗಣಿ ಸಾರಿಸಬೇಕು. ನಾನೂ ಹಿಂದೆ ಹೋದೆ. ಅವರು ಕುಕ್ಕರಗಾಲಿನಲ್ಲಿ ಕುಳಿತು ಸಗಣಿಗೆ ನೀರು ಹಾಕಿ ಕಲಸುತ್ತ, ಎಂದಿನ ದನಿಯಲ್ಲೇ ಹೇಳಿದರು:

"ಸುಳ್ಳ ಏಳ್ದೋಳು ನಾನು. ಓಗ್ದೆ ಕುಂತೋಳು ನೀನು."

ಅದು ಬೈಗುಳವೋ, ಅಲ್ಲವೋ. ಸಿಟ್ಟು ಇತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಮೊದಲ ಸಲ ಮೊಟ್ಟೆಯನ್ನು ತಡೆದ ಹೆಂಗಸಿಗೆ ಸಿಟ್ಟು ಬರಬೇಕಾದದ್ದೇ. ನಾನು ಒಂದು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಚಿನಿಂದ ಒಳಕ್ಕೆ ಸಾರಿಸತೊಡಗಿದೆ. ಹನೂರಿನ ಕಡೆಯಿಂದ ಬಸ್ಸು ಬಂದ ಸದ್ದಾಯಿತು. ಮನೆಯ ಮುಂದೆ ನಿಂತಿತು, ಅಣ್ಣ ಹತ್ತಿರಬೇಕು, ಮತ್ತೆ ಹೊರಟಿತು. ನಾವಿಬ್ಬರೂ ಕತ್ತೆತ್ತಲಿಲ್ಲ. ಅತ್ತೆ ಎತ್ತಲಿಲ್ಲ ಎಂಬುದು ನನಗೆ ಹೇಗೆ ಗೊತ್ತು? ನಾನು ಎತ್ತಿ ನೋಡಿರಲೇಬೇಕು.